ಕಿಲ್ಪಾಕ್ ಗೇಟಿನಿಂದ ಮೊಬೈಲ್ ಪರದೆಯವರೆಗೆ



ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲ ಅಂದರೆ ನೀವು ಮೊದಲು ಏನು ಮಾಡುತ್ತೀರಿ? ಡಾಕ್ಟರ ಹತ್ತಿರ ಹೋಗುವ ಮೊದಲೇ ಮೊಬೈಲ್ ತೆಗೆದು ರೋಗದ ಹೆಸರು ಒತ್ತುತ್ತೀರಿ ತಾನೇ? ಬಂದ ಮೇಲೆ ಇನ್ನೊಮ್ಮೆ, ಚೀಟಿಯಲ್ಲಿರುವ ಮಾತ್ರೆಯ ಹೆಸರು! ಜ್ವರ, ಸಕ್ಕರೆ ಕಾಯಿಲೆಯಾದರೆ ಪಕ್ಕದ ಮನೆಯವರನ್ನೂ ಕೇಳಬಹುದು. ಹಾಗೆ ಕೇಳಲು ನಾಲಿಗೆ ಬರದ ಕಾಯಿಲೆ ಒಂದಿದೆ, ಮನಸ್ಸಿನ ಕಾಯಿಲೆ. ಅಂಥ ಮಗನನ್ನೋ ತಂಗಿಯನ್ನೋ ನೋಡಿಕೊಳ್ಳುವವರು ಈ ಚೆನ್ನೈನಲ್ಲಿ ನಾಲ್ಕು ಮಾತು ತಿಳಿದುಕೊಳ್ಳಲು ಎಲ್ಲೆಲ್ಲಿ ಅಲೆದರು ಎಂಬುದೇ ಈ ಸಲದ ನಮ್ಮ ವಿಷಯ.

ಇಲ್ಲಿ ಹುಚ್ಚಾಸ್ಪತ್ರೆ ಶುರುವಾದದ್ದು 1794ರಲ್ಲಿ. ವ್ಯಾಲೆಂಟೈನ್ ಕಾನೊಲಿ ಎಂಬ ಸರ್ಜನ್ ಪುರಸವಾಕ್ಕಂ ಕಡೆ ನಡೆಸುತ್ತಿದ್ದ. 1871ರಲ್ಲಿ ಅದು ಕಿಲ್ಪಾಕ್‌ಗೆ ಬಂತು. ನಮ್ಮೂರ ಕಡೆ ‘ಇವನನ್ನು ನಿಮ್ಹಾನ್ಸ್‌ಗೆ ಸೇರಿಸಬೇಕು’ ಎಂದು ಗೇಲಿ ಮಾಡುವ ಹಾಗೆ ಇಲ್ಲಿ ‘ಕಿಲ್ಪಾಕ್ ಕೇಸು’ ಅನ್ನುತ್ತಾರೆ. ತಮಿಳು ಸಿನಿಮಾ ನೋಡುವವರಿಗೆ ಹೇಳಬೇಕಾಗಿಲ್ಲ. ಆ ಕಾಲದ ಆಸ್ಪತ್ರೆಗಳ ಪದ್ಧತಿಯಲ್ಲಿ ಮನೆಯವರ ಕೆಲಸ ಗೇಟಿನ ಹತ್ತಿರ ಮುಗಿಯುತ್ತಿತ್ತು. ಏನು ಕಾಯಿಲೆ, ಯಾಕೆ ಬಂತು, ವಾಪಸ್ಸು ಕರೆತಂದರೆ ಹೇಗೆ ನೋಡಿಕೊಳ್ಳಬೇಕು ಎಂದು ಕೂರಿಸಿ ಹೇಳುವ ರೂಢಿಯೇ ಇರಲಿಲ್ಲ.

ಅದನ್ನು ಮೊದಲು ಮುರಿದದ್ದು ದೂರದ ಅಮೃತಸರ. 1950ರ ದಶಕದಲ್ಲಿ ಅಲ್ಲಿನ ಡಾ. ವಿದ್ಯಾಸಾಗರ್ ಆಸ್ಪತ್ರೆಯ ಬಯಲಿನಲ್ಲೇ ಡೇರೆ ಹಾಕಿಸಿ, ರೋಗಿಗಳ ಜೊತೆ ಮನೆಯವರನ್ನೂ ಉಳಿಸಿಕೊಂಡರು. 1957ರಲ್ಲಿ ಶುರುವಾದ ವೆಲ್ಲೂರಿನ ಸಿಎಂಸಿ ಮಾನಸಿಕ ಆರೋಗ್ಯ ಕೇಂದ್ರವೂ ಮನೆಯವರನ್ನು ಜೊತೆಗಿಟ್ಟುಕೊಂಡೇ ಚಿಕಿತ್ಸೆ ಕೊಟ್ಟಿತು. ಡೇರೆಯಲ್ಲಿ ಕೂತ ತಾಯಿ ಪಕ್ಕದ ಡೇರೆಯ ತಾಯಿಯಿಂದ ಕಲಿಯುವುದು ಎಷ್ಟಿರುತ್ತದೆ, ನೀವೇ ಯೋಚಿಸಿ. ಇಂದಿನ ವಾಟ್ಸಾಪ್ ಗುಂಪಿನ ಅಜ್ಜಿ ಆ ಡೇರೆಯೇ ಎಂದು ನನಗನ್ನಿಸುತ್ತದೆ.

ಇನ್ನು ಮದ್ರಾಸಿನ ಕಥೆಗೆ ಬರೋಣ. ಇದರಲ್ಲಿ ನಮ್ಮ ನಾಡಿನ ಪಾಲೂ ಇದೆ. ಡಾ. ಶಾರದಾ ಮೆನನ್ ಹುಟ್ಟಿದ್ದು 1923ರಲ್ಲಿ, ಮಂಗಳೂರಿನಲ್ಲಿ. ಮನೆಮಾತು ಮಲಯಾಳ. ವೈದ್ಯಕೀಯ ಓದಿದ್ದು ಮದ್ರಾಸಿನಲ್ಲಿ, ಮನೋವೈದ್ಯ ತರಬೇತಿ ಮುಂದೆ ನಿಮ್ಹಾನ್ಸ್ ಆದ ಬೆಂಗಳೂರಿನ ಸಂಸ್ಥೆಯಲ್ಲಿ. 1959ರಲ್ಲಿ ಕಿಲ್ಪಾಕ್ ಸೇರಿದರು, 1961ರಲ್ಲಿ ಅದರ ಮುಖ್ಯಸ್ಥೆಯಾದರು. ಆ ಕುರ್ಚಿಯಲ್ಲಿ ಕೂತ ಮೊದಲ ಹೆಣ್ಣು! 1978ರಲ್ಲಿ ನಿವೃತ್ತಿ. ಅಲ್ಲಿಗೆ ಸುಮ್ಮನಾಗಲಿಲ್ಲ. 1984ರಲ್ಲಿ ಸ್ಕಾರ್ಫ್ ಎಂಬ ಸಂಸ್ಥೆ ಕಟ್ಟಿದರು. 1989ರಲ್ಲಿ ಅವರ ಒತ್ತಾಸೆಯಿಂದ ‘ಆಶಾ’ ಹುಟ್ಟಿತು. ಇದು ಡಾಕ್ಟರುಗಳ ಸಂಘವಲ್ಲ, ರೋಗಿಗಳ ಮನೆಯವರದೇ ಸಂಘ.

ಇಂಟರ್ನೆಟ್ ಇಲ್ಲದ ಆ ದಿನಗಳಲ್ಲಿ ಇದಕ್ಕೆ ಎಷ್ಟು ಬೆಲೆ ಗೊತ್ತೇ? ಮನೆಯವರ ಪ್ರಶ್ನೆಗಳು ಪುಸ್ತಕದಲ್ಲಿರುವಂಥವಲ್ಲ. ನಾವು ಬೆಳೆಸಿದ್ದರಲ್ಲೇ ತಪ್ಪಿತ್ತೇ? ಮಾತ್ರೆ ಜೀವನಪೂರ್ತಿಯೇ? ಮದುವೆ ಮಾಡಬಹುದೇ? ಹೆಣ್ಣು ಕೊಡುವವರಿಗೆ ಹೇಳಬೇಕೇ? ನಾವು ಹೋದ ಮೇಲೆ ಇವನಿಗೆ ಯಾರು? ಕೊನೆಯ ಪ್ರಶ್ನೆಗೆ ಇವತ್ತಿನ ಯಾವ ಸರ್ಚ್ ಎಂಜಿನ್‌ನಲ್ಲೂ ಉತ್ತರ ಸಿಗುವುದಿಲ್ಲ. ಆದರೆ ‘ಗುಣವಾಗುತ್ತದೆಯೇ’ ಎಂಬುದಕ್ಕೆ ಈ ಊರೇ ಒಂದು ಉತ್ತರ ಕೊಟ್ಟಿತು. ಕಾಯಿಲೆ ಹೊಸದಾಗಿ ಶುರುವಾಗಿದ್ದ 90 ಮಂದಿಯನ್ನು 1981ರಿಂದ ಇಲ್ಲಿನ ವೈದ್ಯರು ವರ್ಷಗಟ್ಟಲೆ ಬಿಡದೆ ಹಿಂಬಾಲಿಸಿ ನೋಡಿದರು. ಹತ್ತು ವರ್ಷದ ಹೊತ್ತಿಗೆ ಅವರಲ್ಲಿ ಬಹುಪಾಲು ಜನ ಸುಧಾರಿಸಿದ್ದರು.

1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಇಂಟರ್ನೆಟ್ ಸಾರ್ವಜನಿಕರಿಗೆ ಬಂತು. ಮೊದಲ ದಿನವೇ ಪಡೆದ ಊರುಗಳಲ್ಲಿ ನಮ್ಮದೂ ಒಂದು, ಆಗಿನ್ನೂ ಮದ್ರಾಸ್. ಆಮೇಲೆ ಬೀದಿಬೀದಿಗೆ ಬ್ರೌಸಿಂಗ್ ಸೆಂಟರ್. ನಿಮ್ಮಲ್ಲಿ ಎಷ್ಟೋ ಜನ ಗಂಟೆಗಿಷ್ಟು ಎಂದು ದುಡ್ಡು ಕೊಟ್ಟು ಕೂತವರೇ. ಆದರೆ ಮನೆಯ ಗುಟ್ಟನ್ನು ಅಲ್ಲಿ ಒತ್ತುವುದು ಹೇಗೆ? ಪಕ್ಕದ ಕುರ್ಚಿಯ ಹುಡುಗನ ಕಣ್ಣು ನಿಮ್ಮ ಪರದೆಯ ಮೇಲೆ! ಧೈರ್ಯ ಮಾಡಿದರೂ ಸಿಗುತ್ತಿದ್ದದ್ದೆಲ್ಲ ಇಂಗ್ಲಿಷು, ಅದೂ ಅಮೆರಿಕದವರಿಗಾಗಿ ಬರೆದದ್ದು.

ಕನ್ನಡದಲ್ಲಿ ಹುಡುಕಲು ಇನ್ನೊಂದು ತೊಡಕಿತ್ತು. ಆಗಿನ ಕನ್ನಡ ಪುಟಗಳು ಒಂದೊಂದೂ ಒಂದೊಂದು ಫಾಂಟಿನಲ್ಲಿ. ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಮಾತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಹುಡುಕಿದರೆ ಸಿಗುವುದು ಹೇಗೆ? ಯೂನಿಕೋಡ್ ಬಳಕೆಗೆ ಬಂದ ಮೇಲೆಯೇ ಕನ್ನಡ ಪದ ಒತ್ತಿದರೆ ಕನ್ನಡ ಪುಟ ಸಿಗತೊಡಗಿದ್ದು. ಕನ್ನಡ ವಿಕಿಪೀಡಿಯ ಶುರುವಾದದ್ದು 2003ರಲ್ಲಿ. ಅಲ್ಲಿಯವರೆಗೆ ನಮಗೆ ಆಸರೆ ಪುಸ್ತಕಗಳೇ. ಡಾ. ಅನುಪಮಾ ನಿರಂಜನ, ನಿಮ್ಹಾನ್ಸ್‌ನ ಡಾ. ಸಿ.ಆರ್. ಚಂದ್ರಶೇಖರ್ ಬರೆದ ಪುಸ್ತಕಗಳನ್ನು ಊರಿಗೆ ಹೋದಾಗ ಕೊಂಡುತಂದು ಓದಿದ ಮನೆಗಳೆಷ್ಟೋ.

ಮಾಹಿತಿ ಸಿಗದಿದ್ದರೆ ಏನಾಗುತ್ತದೆ ಎಂಬುದನ್ನು 2001ರ ಆಗಸ್ಟ್ 6 ತೋರಿಸಿತು. ರಾಮನಾಥಪುರಂ ಜಿಲ್ಲೆಯ ಏರ್ವಾಡಿ. ದರ್ಗಾದ ಹತ್ತಿರ ಖಾಸಗಿಯವರು ನಡೆಸುತ್ತಿದ್ದ ಕೊಟ್ಟಿಗೆಯೊಂದಕ್ಕೆ ಬೆಂಕಿ ಬಿತ್ತು. ಒಳಗಿದ್ದವರ ಕಾಲಿಗೆ ಸರಪಳಿ. ಓಡಲಾಗಲಿಲ್ಲ. 28 ಜನ ಸತ್ತರು. ಅವರನ್ನು ಅಲ್ಲಿ ಬಿಟ್ಟು ಹೋದ ಮನೆಯವರನ್ನು ಕಟುಕರೆನ್ನಲು ನನಗೆ ಮನಸ್ಸಿಲ್ಲ. ಇದು ಕಾಯಿಲೆ, ಇದಕ್ಕೆ ಮಾತ್ರೆಯಿದೆ, ಇಂಥ ಕಡೆ ಸಿಗುತ್ತದೆ ಎಂದು ಎಷ್ಟು ಜನರಿಗೆ ಯಾರು ಹೇಳಿದ್ದರು? ಸುಪ್ರೀಂ ಕೋರ್ಟ್ ತಾನಾಗಿಯೇ ಈ ವಿಷಯ ಕೈಗೆತ್ತಿಕೊಂಡಿತು.

2010ರಲ್ಲಿ ಸ್ಕಾರ್ಫ್ ಪುದುಕೋಟೆ ಜಿಲ್ಲೆಯ ಹಳ್ಳಿಗಳಿಗೆ ಒಂದು ಬಸ್ಸು ಕಳಿಸಿತು. ಒಳಗೆ ಪರದೆ, ಪರದೆಯಲ್ಲಿ ಚೆನ್ನೈನ ಡಾಕ್ಟರು, ಬಸ್ಸಿನಲ್ಲೇ ಔಷಧಿ. ಮನೆಯವರು ಪಕ್ಕದಲ್ಲಿ ಕೂತು ಮಾತಾಡಬಹುದು.

ಆಮೇಲಿನದು ನಿಮಗೆ ಗೊತ್ತಿರುವ ಕಥೆ. 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತು, ಓದಲಾಗದವರಿಗೂ ಯೂಟ್ಯೂಬ್ ಸಿಕ್ಕಿತು. ಪಕ್ಕದ ಕುರ್ಚಿಯ ಹುಡುಗ ಹೋದ. ಅವನ ಬದಲು ಹೊಸ ಸಂಕಟಗಳು ಬಂದವು. ಮಾತ್ರೆಯ ಅಡ್ಡಪರಿಣಾಮಗಳ ಪಟ್ಟಿ ಓದಿ, ಡಾಕ್ಟರಿಗೂ ಹೇಳದೆ ಮಾತ್ರೆ ನಿಲ್ಲಿಸಿಬಿಡುವುದು ಒಂದು. ‘ಮೂರೇ ತಿಂಗಳಲ್ಲಿ ಬುಡಸಮೇತ ವಾಸಿ’ ಎಂಬ ಜಾಹೀರಾತು ಇನ್ನೊಂದು. ಮೂರನೆಯದನ್ನು ಯಾರೂ ಹೇಳುವುದಿಲ್ಲ: ಮನೆಗೆಲ್ಲ ಒಂದೇ ಮೊಬೈಲ್ ಆದರೆ, ಅಮ್ಮ ಹುಡುಕಿದ್ದನ್ನು ಕಾಯಿಲೆಯಿರುವ ಮಗನೂ ನೋಡುತ್ತಾನೆ. ಮೊದಲೇ ಎಲ್ಲರ ಮೇಲೂ ಅನುಮಾನವಿರುವ ಹುಡುಗ ಅದನ್ನು ಓದಿದರೆ?

ಪದದ ತಾಪತ್ರಯವೂ ಇದೆ. ನಾನು ಕನ್ನಡ ಬಿ.ಎ., ಹಾಗಾಗಿ ಇದನ್ನು ಬಿಟ್ಟು ಮುಂದೆ ಹೋಗಲಾರೆ. ಸ್ಕಿಜೋಫ್ರೇನಿಯ ಎಂಬ ಹೆಸರನ್ನು 1908ರಲ್ಲಿ ಕೊಟ್ಟವರು ಸ್ವಿಟ್ಜರ್ಲೆಂಡಿನ ಬ್ಲಾಯ್ಲರ್. ಸೀಳಿದ ಮನಸ್ಸು ಎಂಬ ಅರ್ಥದ ಗ್ರೀಕ್ ಪದ. ತಮಿಳಿನವರು ‘ಮನಚ್ಚಿದೈವು’ ಎಂದರು, ಮನಸ್ಸು ಚೆದುರುವುದು. ನಮ್ಮವರು ‘ಇಚ್ಚಿತ್ತ ವಿಕಲತೆ’ ಎಂದರು. ಇಮ್ಮಡಿಯಲ್ಲಿರುವ ‘ಇರ್’ ಇಲ್ಲಿಯೂ ಇದೆ, ಎರಡು ಎಂದರ್ಥ. ಚೆಂದದ ಪದ, ಆದರೆ ಒಬ್ಬನಲ್ಲಿ ಇಬ್ಬರು ಇದ್ದಾರೆ ಎಂಬ ಸಿನಿಮಾ ಕಲ್ಪನೆಗೆ ದಾರಿ ಮಾಡಿಕೊಡುತ್ತದೆ. ಕಾಯಿಲೆ ಹಾಗಿಲ್ಲ. ಅಲ್ಲದೆ ಆಸ್ಪತ್ರೆಯಲ್ಲಿ ತಮಿಳು ಹೆಸರು ಕೇಳಿ, ಚೀಟಿಯಲ್ಲಿ ಇಂಗ್ಲಿಷ್ ಹೆಸರು ನೋಡಿ, ಮನೆಯಲ್ಲಿ ಅಜ್ಜಿಗೆ ಕನ್ನಡದಲ್ಲಿ ವಿವರಿಸುವ ಚೆನ್ನೈ ಸೊಸೆ ಮೊಬೈಲಿನಲ್ಲಿ ಯಾವ ಪದ ಒತ್ತಬೇಕು ಹೇಳಿ?

ಅವಳಿಗೆ ಉಪಯೋಗವಾಗುವ ಎರಡು ಸಂಗತಿಗಳಿವೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 22ನೇ ಕಲಂ ಪ್ರಕಾರ, ಕಾಯಿಲೆ ಏನು, ಯಾವ ಚಿಕಿತ್ಸೆ ಎಂಬ ಮಾಹಿತಿ ಪಡೆಯುವುದು ರೋಗಿಯ ಮತ್ತು ಅವರು ಹೆಸರಿಸಿದ ಪ್ರತಿನಿಧಿಯ ಹಕ್ಕು, ಅದೂ ಅವರಿಗೆ ಅರ್ಥವಾಗುವ ಭಾಷೆಯಲ್ಲಿ. ಇನ್ನೊಂದು, 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್. ಫೋನ್ ನಂಬರ್ 14416, ದುಡ್ಡಿಲ್ಲ. ರೋಗಿಯೇ ಮಾತಾಡಬೇಕೆಂದಿಲ್ಲ, ನೋಡಿಕೊಳ್ಳುವವರೂ ಕೇಳಬಹುದು. ಕರೆ ಮಾಡಿದವರು ಭಾಷೆ ಆರಿಸಿಕೊಳ್ಳಬಹುದು. ಆ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ.