ಉಪ್ಪಿನ ಋಣವೂ ವತನದ ಮಣ್ಣೂ

ವಿಜಯಪುರದ ಕೋಟೆಯನ್ನು ಬೆನ್ನಿಗೆ ಹಾಕಿ ಪಶ್ಚಿಮಾಭಿಮುಖವಾಗಿ ತಿಕೋಟಾದ ಕಡೆಗೆ ಹೊರಟವನಿಗೆ, ಬಹಳ ಹೊತ್ತಾಗುವ ಮೊದಲೇ ತೊರವಿಯ ಸೀಮೆಯಲ್ಲಿ ಒಡೆದ ಕಮಾನುಗಳೂ ಛಾವಣಿ ಕಳೆದುಕೊಂಡ ಭಿತ್ತಿಗಳೂ ಎದುರಾಗುತ್ತವೆ. ಸಂಗೀತರಸಿಕನಾದ ಇಮ್ಮಡಿ ಇಬ್ರಾಹಿಂ ಆದಿಲಶಹನು 1599ರಲ್ಲಿ ಕಟ್ಟಲಾರಂಭಿಸಿದ ನವರಸಪುರದ ಅವಶೇಷಗಳಿವು. ಕಾಲು ಶತಮಾನ ತುಂಬಿತೋ ಇಲ್ಲವೋ ಎನ್ನುವಷ್ಟರಲ್ಲಿ, 1624ರಲ್ಲಿ, ಈ ನಗರವು ಶತ್ರುಸೈನ್ಯದ ಪಾಲಾಗಿ ಸುಟ್ಟುಹೋಯಿತು. ಅದನ್ನು ಸುಟ್ಟ ಮಲಿಕ್ ಅಂಬರನು ಪರಕೀಯನೇನೂ ಆಗಿರಲಿಲ್ಲ. ಒಂದು ಕಾಲಕ್ಕೆ ವಿಜಯಪುರದ ಅರಸರ ಉಪ್ಪನ್ನೇ ಉಂಡು, ಇಲ್ಲಿ ಚಾಕರಿ ಸಾಲದೆಂದು ಬಿಟ್ಟುಹೋದವನು.

ಇಥಿಯೋಪಿಯದಲ್ಲಿ ಜನಿಸಿ, ಗುಲಾಮನಾಗಿ ಮಾರಲ್ಪಟ್ಟು, ಬಾಗದಾದಿನ ಮೂಲಕ ದಖ್ಖನಿಗೆ ಬಂದು, ಅಹಮದನಗರದ ಪೇಶವೆ ಚಂಗೀಜಖಾನನ ಕೈಕೆಳಗೆ ಯುದ್ಧವನ್ನೂ ಲೆಕ್ಕಪತ್ರವನ್ನೂ ಕಲಿತ ಅಂಬರನು, ಒಡೆಯನು ತೀರಿಕೊಂಡ ಬಳಿಕ ಆಶ್ರಯವನ್ನರಸುತ್ತ ವಿಜಯಪುರವನ್ನು ಸೇರಿದನು. ಇಲ್ಲಿ ಅವನಿಗೊಂದು ಸಣ್ಣ ಪಡೆಯೂ ದೊರೆಯಿತು. ಆದರೆ ತನ್ನನ್ನು ನಂಬಿ ಹಿಂದೆ ಬಂದವರನ್ನು ಪೋಷಿಸುವುದಕ್ಕೆ ದೊರೆತದ್ದು ಸಾಲದಾಗಿ, ಸುಮಾರು 1595ರಲ್ಲಿ ತನ್ನವರೊಡನೆ ಅಹಮದನಗರಕ್ಕೆ ಮರಳಿದನು. ಮುಂದೆ ಐದೇ ವರ್ಷಗಳಲ್ಲಿ ಆ ಕೋಟೆಯು ಮೊಗಲರ ವಶವಾದಾಗ, ಬೀಳುತ್ತಿದ್ದ ಮನೆಯನ್ನು ತೊರೆಯದೆ ಅದನ್ನೇ ಹೆಗಲ ಮೇಲೆ ಹೊತ್ತು, ಅಲ್ಲಿಯ ನಿಜಾಮಶಾಹಿಯ ಸರ್ವಾಧಿಕಾರಿಯಾಗಿ ಬೆಳೆದನು. 1624ರಲ್ಲಿ ಭಾತವಡಿಯಲ್ಲಿ ಮೊಗಲರನ್ನೂ ವಿಜಯಪುರದವರನ್ನೂ ಏಕಕಾಲಕ್ಕೆ ಮುರಿದ ಮೇಲೆಯೇ ಅವನ ಕುದುರೆಗಳು ನವರಸಪುರಕ್ಕೆ ನುಗ್ಗಿದವು.

ಇಂಥವರನ್ನು ಕೃತಘ್ನರೆನ್ನುವುದು ಸುಲಭ. ಆದರೆ ಅಂದಿನ ಚಾಕರಿಯ ಕ್ರಮವನ್ನು ತಿಳಿದವರು ಹಾಗೆ ಅವಸರಪಡಲಾರರು. ಸರದಾರನಿಗೆ ಅರಸನು ಕೊಡುತ್ತಿದ್ದ ಜಹಗೀರು ಅವನೊಬ್ಬನ ಹೊಟ್ಟೆಪಾಡಿನದಲ್ಲ. ಇಂತಿಷ್ಟು ಕುದುರೆ, ಇಂತಿಷ್ಟು ಸವಾರರನ್ನು ಸಿದ್ಧವಾಗಿಟ್ಟಿರಬೇಕೆಂಬ ಕರಾರಿಗೆ ಒಳಪಟ್ಟ ಹುಟ್ಟುವಳಿಯದು. ಹಳ್ಳಿಗಳ ಕಂದಾಯ ಬಾರದಿದ್ದರೆ ಸವಾರರಿಗೆ ಸಂಬಳವಿಲ್ಲ, ಸಂಬಳವಿಲ್ಲದಿದ್ದರೆ ಸವಾರರಿಲ್ಲ, ಸವಾರರಿಲ್ಲದ ಸರದಾರನಿಗೆ ದರ್ಬಾರಿನಲ್ಲಿ ನಿಲ್ಲುವ ಎಡೆಯೂ ಇಲ್ಲ. ಆದುದರಿಂದ ಹೊರಡುವ ನಿರ್ಧಾರವನ್ನು ಅವನು ತನ್ನ ಬೆನ್ನಿಗೆ ನಿಂತ ನೂರಾರು ಜನರ ಗಂಜಿಯನ್ನು ಲೆಕ್ಕಹಾಕಿಯೇ ಮಾಡಬೇಕಾಗಿತ್ತು. ಉಪ್ಪಿನ ಋಣವು ಉಂಡವನ ಮೇಲಿದ್ದಂತೆಯೇ ಉಣಬಡಿಸುವವನ ಮೇಲೂ ಇದ್ದಿತೆಂಬುದು ಆ ಕಾಲದ ಅಲಿಖಿತ ನ್ಯಾಯ.

ಆ ನ್ಯಾಯವನ್ನು ಮೊದಲು ಮುರಿದವನು ಅನೇಕ ವೇಳೆ ಒಡೆಯನೇ. 1534ರಲ್ಲಿ ಪಟ್ಟವೇರಿದ ಮೊದಲನೆಯ ಇಬ್ರಾಹಿಮನು, ಇರಾನ್ ಮೊದಲಾದ ದೇಶಗಳಿಂದ ಬಂದಿದ್ದ ಪರದೇಶೀ ಸೈನಿಕರಲ್ಲಿ ಕೆಲವು ನೂರು ಜನರನ್ನಷ್ಟೇ ಉಳಿಸಿಕೊಂಡು ಮಿಕ್ಕವರಿಗೆ ಬೀಳ್ಕೊಡುಗೆಯಿತ್ತನೆಂದೂ, ಅವರಲ್ಲಿ ಸಾವಿರಾರು ಜನರನ್ನು ವಿಜಯನಗರದ ರಾಮರಾಯನು ಕರೆದು ಕೆಲಸ ಕೊಟ್ಟನೆಂದೂ, ಅವರು ಸಂಕೋಚವಿಲ್ಲದೆ ತಲೆಬಾಗುವಂತಾಗಲೆಂದು ತನ್ನೆದುರು ಕುರಾನಿನ ಪ್ರತಿಯನ್ನಿರಿಸಿದನೆಂದೂ ಚರಿತ್ರಕಾರ ಫೆರಿಸ್ತಾ ಬರೆದಿದ್ದಾನೆ. ಹೊಸಬನ ಮಾನ ಕಾಯುವ ಇಂಥ ಸೂಕ್ಷ್ಮವು ಇಂದಿನ ಎಷ್ಟು ಕಚೇರಿಗಳಲ್ಲಿ ದೊರೆತೀತೋ, ಬಲ್ಲವರೇ ಹೇಳಬೇಕು.

ಫೆರಿಸ್ತಾನ ಬಾಳೇ ಈ ವಿಷಯಕ್ಕೊಂದು ವ್ಯಾಖ್ಯಾನ. ಅಹಮದನಗರದ ಅರಮನೆಯ ಕಾವಲಿನಲ್ಲಿದ್ದ ಅವನು ಅರಸರ ಕೊಲೆಗಳನ್ನೂ ಪರದೇಶಿಗಳ ಹತ್ಯೆಯನ್ನೂ ಕಂಡು, 1589ರಲ್ಲಿ ಜೀವ ಉಳಿದರೆ ಸಾಕೆಂದು ವಿಜಯಪುರಕ್ಕೆ ಬಂದನು. ಇಲ್ಲಿಯೂ ಅವನಿಗೆ ಮೊದಲು ದೊರೆತದ್ದು ಖಡ್ಗದ ಕೆಲಸವೇ; ಯುದ್ಧಕ್ಕೆ ಹೋದನು, ಗಾಯಗೊಂಡನು, ಸೆರೆಸಿಕ್ಕಿ ತಪ್ಪಿಸಿಕೊಂಡನು. ಅವನು ಸಾಧಾರಣ ಸೈನಿಕನೆಂಬುದನ್ನು ಕಂಡುಕೊಂಡು, ಕೈಗೊಂದು ಪಾರಸೀ ಚರಿತ್ರಗ್ರಂಥವನ್ನಿತ್ತು, ಹಿಂದುಸ್ಥಾನದ ಸಮಗ್ರ ಇತಿಹಾಸವನ್ನು ಬರೆಯೆಂದು ಆಜ್ಞಾಪಿಸಿದ ಇಮ್ಮಡಿ ಇಬ್ರಾಹಿಮನ ಗುಣಗ್ರಾಹಿತ್ವವನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಒಡೆಯನನ್ನು ಬದಲಿಸದೆ ಕೆಲಸವನ್ನು ಬದಲಿಸಿಕೊಂಡ ಫೆರಿಸ್ತಾ ಹದಿನೇಳನೆಯ ಶತಮಾನದ ಮೊದಲ ದಶಕದಲ್ಲಿ ಆ ಮಹಾಗ್ರಂಥವನ್ನು ಅರಸನ ಕೈಗಿತ್ತನು.

ಕವಿಗಳಾದ ಮಲಿಕ್ ಕುಮ್ಮಿ ಮತ್ತು ಅವನ ಅಳಿಯ ಜುಹೂರಿಯರ ದಾರಿ ಬೇರೆ. ಇವರ ಪ್ರತಿಭೆಯನ್ನು ಮೆಚ್ಚಿ ಮೊಗಲ ಆಸ್ಥಾನಕವಿ ಫೈಜಿಯು ಅಕ್ಬರನಿಗೆ ಬರೆದಿದ್ದನು; ದಿಲ್ಲಿ ಆಗ್ರಾಗಳ ವೈಭವವು ಕೈಗೆಟುಕುವಷ್ಟು ಸಮೀಪಕ್ಕೆ ಬಂದಿದ್ದರೂ ಇಬ್ಬರೂ ದಖ್ಖನನ್ನು ಬಿಡದೆ, ಅಹಮದನಗರದ ಐಶ್ವರ್ಯ ಕುಂದಿದ ಮೇಲೆ ವಿಜಯಪುರಕ್ಕೆ ಬಂದು ನೆಲೆಸಿದರು. ದೊಡ್ಡ ದರ್ಬಾರಿನ ನೂರು ಕವಿಗಳಲ್ಲೊಬ್ಬನಾಗುವುದಕ್ಕಿಂತ, ಸ್ವತಃ ಗೀತಕಾರನಾದ ಅರಸನ ಸನಿಹದಲ್ಲಿರುವುದು ಮೇಲೆಂದು ಅವರು ಎಣಿಸಿದ್ದರೆ ಆ ಎಣಿಕೆ ತಪ್ಪಾಗಲಿಲ್ಲ. ಅರಸನ ‘ಕಿತಾಬ್-ಎ-ನವರಸ್’ ಕೃತಿಗೆ ಮುನ್ನುಡಿ ಬರೆಯುವ ಭಾಗ್ಯ ಜುಹೂರಿಗೇ ಲಭಿಸಿತು.

ವಿಜಯಪುರಕ್ಕೆ ಬಂದವರು ಹಿಂದಿರುಗುವುದನ್ನೇ ಮರೆಯುತ್ತಿದ್ದರೆಂಬುದಕ್ಕೆ ಅಕ್ಬರನ ರಾಯಭಾರಿ ಮೀರ್ ಜಮಾಲುದ್ದೀನನೇ ಸಾಕ್ಷಿ. ರಾಜಕುಮಾರ ದಾನಿಯಾಲನಿಗೆ ಇಲ್ಲಿಯ ರಾಜಕುಮಾರಿಯನ್ನು ತರಲು ಬಂದ ಆ ಮಹಾಶಯನು, ಉಡುಗೊರೆ ಸತ್ಕಾರಗಳ ಸುಖದಲ್ಲಿ ವರ್ಷಗಳನ್ನೇ ಕಳೆಯತೊಡಗಿದಾಗ, ಅವನನ್ನು ಹೊರಡಿಸಿಕೊಂಡು ಬರಲು 1603ರ ಸುಮಾರಿಗೆ ಅಸದ್ ಬೇಗನನ್ನು ಅಟ್ಟಬೇಕಾಯಿತು. ಈ ಎರಡನೆಯವನು ಮೀರನನ್ನು ಎಬ್ಬಿಸಿದ್ದಲ್ಲದೆ, ವಿಜಯಪುರದ ಪೇಟೆಯಿಂದ ತಂಬಾಕನ್ನೂ ಒಯ್ದು ಅಕ್ಬರನಿಗೆ ಅದರ ರುಚಿ ತೋರಿಸಿದನು.

ಶಹಾಜಿ ಭೋಸಲೆಯನ್ನು ಇಲ್ಲಿ ನೆನೆಯದಿರಲಾಗದು. ನಿಜಾಮಶಾಹಿಯಿಂದ ಆದಿಲಶಾಹಿಗೆ, ಮರಳಿ ಅಲ್ಲಿಗೆ, ಅಲ್ಲಿಂದ ಮೊಗಲರಲ್ಲಿಗೆ, ಅವರು ತನ್ನ ಜಹಗೀರಿನ ಭಾಗವನ್ನು ಇನ್ನೊಬ್ಬನಿಗಿತ್ತಾಗ ಅವರನ್ನೂ ತೊರೆದು, ಕೊನೆಗೆ 1636ರಲ್ಲಿ ಮತ್ತೆ ವಿಜಯಪುರಕ್ಕೆ ಬಂದವನು, ಬೆಂಗಳೂರಿನ ಜಹಗೀರನ್ನು ಪಡೆದ ಮೇಲೆ, ನಡುವೆ ಸೆರೆವಾಸವನ್ನು ಅನುಭವಿಸಿಯೂ, 1664ರಲ್ಲಿ ಹೊದಿಗೆರೆಯಲ್ಲಿ ಮಡಿಯುವವರೆಗೆ ಒಡೆಯನನ್ನು ಬದಲಿಸಲಿಲ್ಲ.

ಇಷ್ಟೆಲ್ಲ ಓಡಾಟದ ನಡುವೆ, ಒಡೆಯನನ್ನು ಬದಲಿಸುವ ಪ್ರಶ್ನೆಯ ಗೊಡವೆಯೇ ಇಲ್ಲದೆ ಬಾಳಿದ ಜನರೂ ಇದ್ದರು. ಡೋಣಿ ಹೊಳೆಯ ಕರಿಮಣ್ಣಿನ ಸಾರವಾಡ, ಬಬಲೇಶ್ವರ, ತಿಕೋಟಾಗಳಂಥ ಊರುಗಳಲ್ಲಿ ಗೌಡಕಿ, ಕುಲಕರ್ಣಿಕೆ, ತಳವಾರಿಕೆ, ವಾಲೀಕಾರಿಕೆಗಳು ವಂಶಪಾರಂಪರ್ಯವಾಗಿ ಬಂದ ವತನಗಳು. ಇನಾಮಿನ ಹೊಲ, ಸುಗ್ಗಿಯಲ್ಲಿ ಕಣದಿಂದ ಬರುವ ಆಯ, ಕಾರಹುಣ್ಣಿಮೆಯಲ್ಲಿ ಕರಿ ಹರಿಯುವಾಗ ಎತ್ತಿಗೆ ಸಲ್ಲುವ ಮಾನ, ಇವು ವಿಜಯಪುರದಲ್ಲಿ ಅರಸನಾರೆಂಬುದನ್ನು ಅವಲಂಬಿಸಿರಲಿಲ್ಲ. ಆದರೆ ಈ ನಿಶ್ಚಿಂತೆಯನ್ನು ಕಂಡು ಕರುಬುವ ಮುನ್ನ ವಾಲೀಕಾರನ ಮಗನನ್ನು ಕೇಳಬೇಕು. ಅಂಬರನಂಥ ಗುಲಾಮನು ಮೂರು ರಾಜ್ಯಗಳನ್ನು ನಡುಗಿಸುವಷ್ಟು ಬೆಳೆಯಬಹುದಾಗಿದ್ದ ಕಾಲದಲ್ಲಿಯೇ, ಇವನು ತಂದೆಯ ಕೋಲನ್ನು ಹಿಡಿದು ತಂದೆ ನಿಂತಲ್ಲಿಯೇ ನಿಲ್ಲಬೇಕಾಗಿತ್ತು. ಬೀಳುವ ಭಯವೂ ಏರುವ ಮೆಟ್ಟಿಲೂ ಅವನಿಗೆ ಸಮಾನವಾಗಿ ನಿಷಿದ್ಧ.

1686ರ ಸೆಪ್ಟೆಂಬರಿನಲ್ಲಿ ಕೋಟೆಯು ಔರಂಗಜೇಬನಿಗೆ ಶರಣಾದಾಗ ಎರಡು ಬಗೆಯ ಬಾಳೂ ಒರೆಗಲ್ಲಿಗೆ ಬಂದವು. ಶರ್ಜಾಖಾನನಂಥ ಸರದಾರರು ಮೊಗಲ ಮನ್ಸಬನ್ನೂ ಹೊಸ ಬಿರುದನ್ನೂ ಸ್ವೀಕರಿಸಿದರು. ಅರಸನಾದ ಸಿಕಂದರನೇ ವಿಜೇತನಿಂದ ವರ್ಷಾಶನವನ್ನು ಪಡೆಯುವವನಾದನು. ಹಳ್ಳಿಯ ಕುಲಕರ್ಣಿಯಾದರೋ ಕಂದಾಯದ ಲೆಕ್ಕವನ್ನು ಹೊಸ ಅಮಲಿಗೆ ಒಪ್ಪಿಸುತ್ತ, ಮುಂದೆ ಪೇಶವೆಯವರಿಗೂ ಇಂಗ್ಲಿಷರಿಗೂ ಹಾಗೆಯೇ ಒಪ್ಪಿಸುತ್ತ ಕುಳಿತಲ್ಲಿಯೇ ಕುಳಿತನು. ಅವನನ್ನು ಎಬ್ಬಿಸಿದ್ದು ಕುದುರೆಯ ಸೈನ್ಯವಲ್ಲ, 1950ರ ಮುಂಬಯಿ ರಾಜ್ಯದ ಶಾಸನ. ಗೌಡಕಿ ಮೊದಲಾದವುಗಳನ್ನು ಕೊನೆಗಾಣಿಸಿದ್ದು ಮೈಸೂರು ರಾಜ್ಯದ 1961ರ ಗ್ರಾಮಾಧಿಕಾರ ರದ್ದತಿ ಶಾಸನ. ವತನದ ಮನೆಯ ಹುಡುಗರು ಅಂದಿನಿಂದ ಅರ್ಜಿ ಬರೆದು ವಿಜಯಪುರದ ಕಚೇರಿಗಳ ಮೆಟ್ಟಿಲನ್ನೇರತೊಡಗಿದರು. ವತನದಾರರ ಸ್ಥಾನಕ್ಕೆ ಬಂದ ಗ್ರಾಮಲೆಕ್ಕಿಗನು ಸರ್ಕಾರದ ಸಂಬಳದವನು, ತಿಕೋಟಾದಿಂದ ಬಬಲೇಶ್ವರಕ್ಕೆ ವರ್ಗವಾದರೆ ಹೋಗಬೇಕಾದವನು, ಬಡ್ತಿಯ ಆಸೆಯಿದ್ದರೆ ಪರೀಕ್ಷೆಗೆ ಕೂಡ ಕೂರಬೇಕಾದವನು.