ಗಣಕದ ವೇಗವನ್ನು ಅಳೆದ ಬಗೆ

ಉದ್ದಕ್ಕೆ ಮೀಟರ್, ತೂಕಕ್ಕೆ ಗ್ರಾಂ ಇರುವಂತೆ ಗಣಕಯಂತ್ರದ ವೇಗಕ್ಕೆ ಎಲ್ಲರೂ ಒಪ್ಪಿದ ಒಂದು ಮಾನ ಎಂದೂ ಇರಲಿಲ್ಲ. ಆಯಾ ಕಾಲದಲ್ಲಿ ಪರಿಚಿತವಾದ ಹಳೆಯ ಯಂತ್ರವೊಂದನ್ನು ಆಧಾರವಾಗಿ ಇಟ್ಟುಕೊಂಡು, ಹೊಸದು ಅದಕ್ಕಿಂತ ಎಷ್ಟು ಪಟ್ಟು ಚುರುಕೆಂದು ಹೇಳುವುದೇ ರೂಢಿಯಾಗಿ ಬಂದಿತು. ಈ ಹೋಲಿಕೆಗಾಗಿ ಬೇರೆ ಬೇರೆ ಯಂತ್ರಗಳಲ್ಲಿ ಓಡಿಸುವ ಒಂದೇ ಪ್ರೋಗ್ರಾಮನ್ನು ಬೆಂಚ್‌ಮಾರ್ಕ್ ಎನ್ನುತ್ತಾರೆ. ದೊಡ್ಡ ಸಂಸ್ಥೆಗಳ ಗಣಕ ಕೊಠಡಿಗಳಲ್ಲಿ ರೂಪುಗೊಂಡ ಈ ಪದ್ಧತಿಯು 1980ರ ದಶಕದಲ್ಲಿ ಮೇಜಿನ ಮೇಲಿನ ಗಣಕಕ್ಕೂ ಅದರ ಪ್ರೊಸೆಸರ್ ಮತ್ತು ಹಾರ್ಡ್ ಡಿಸ್ಕ್‌ಗಳಿಗೂ ಇಳಿದು ಬಂದಿತು.

ಇಂಗ್ಲೆಂಡಿನ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಯಲ್ಲಿ 1972ರಲ್ಲಿ ಸಿದ್ಧವಾದ ವೆಟ್‌ಸ್ಟೋನ್ ಈ ಪರಂಪರೆಯ ಮೊದಲ ಪ್ರಸಿದ್ಧ ಕೃತಿ. ಹೆರಾಲ್ಡ್ ಕರ್ನೋ ಮತ್ತು ಬ್ರಯಾನ್ ವಿಚ್‌ಮನ್ ಅವರು ವಿಜ್ಞಾನಿಗಳು ನಿಜವಾಗಿ ಬರೆದಿದ್ದ ನೂರಾರು ಪ್ರೋಗ್ರಾಮುಗಳಲ್ಲಿ ಯಾವ ಬಗೆಯ ಲೆಕ್ಕ ಎಷ್ಟು ಸಲ ಬರುತ್ತದೆ ಎಂಬುದರ ಅಂಕಿಅಂಶಗಳನ್ನು ಆಧರಿಸಿ, ಅದೇ ಪ್ರಮಾಣದಲ್ಲಿ ದಶಮಾಂಶ ಲೆಕ್ಕಗಳನ್ನೂ ತ್ರಿಕೋನಮಿತಿಯ ಫಲನಗಳನ್ನೂ ಬೆರೆಸಿದ ಕೃತಕ ಪ್ರೋಗ್ರಾಮೊಂದನ್ನು ರಚಿಸಿದರು. ಅದರ ಉತ್ತರದಿಂದ ಯಾರಿಗೂ ಪ್ರಯೋಜನವಿಲ್ಲ. ಉತ್ತರ ಬರಲು ಹಿಡಿದ ಹೊತ್ತಷ್ಟೇ ಮುಖ್ಯ.

ವಿಜ್ಞಾನಿಗಳ ಲೆಕ್ಕಕ್ಕೆ ಹೊಂದಿದ ಈ ಪರೀಕ್ಷೆ ಅಕ್ಷರ, ಪೂರ್ಣಾಂಕ, ಷರತ್ತುಗಳೇ ತುಂಬಿದ ಸಾಮಾನ್ಯ ಕೆಲಸಗಳಿಗೆ ಸಲ್ಲದಾದಾಗ ಜರ್ಮನಿಯ ರೈನ್‌ಹೋಲ್ಡ್ ವೈಕರ್ 1984ರಲ್ಲಿ ಡ್ರೈಸ್ಟೋನ್ ಎಂಬ ಇನ್ನೊಂದನ್ನು ರಚಿಸಿದರು. ಅದರ ಫಲಿತಾಂಶವನ್ನು ಹೇಳಲು ಆಧಾರವಾದದ್ದು 1977ರಲ್ಲಿ ಮಾರುಕಟ್ಟೆಗೆ ಬಂದಿದ್ದ ವ್ಯಾಕ್ಸ್ 11/780 ಎಂಬ ಯಂತ್ರ. ಅದು ಸೆಕೆಂಡಿಗೆ 1,757 ಸಲ ಡ್ರೈಸ್ಟೋನಿನ ಸುತ್ತು ಮುಗಿಸುತ್ತಿದ್ದುದರಿಂದ, ಬೇರೆ ಯಂತ್ರದ ಸುತ್ತುಗಳನ್ನು 1,757ರಿಂದ ಭಾಗಿಸಿ ಬಂದ ಸಂಖ್ಯೆಯನ್ನು ಮಿಪ್ಸ್, ಅಂದರೆ ಸೆಕೆಂಡಿಗೆ ಇಷ್ಟು ದಶಲಕ್ಷ ಆದೇಶಗಳು, ಎಂದು ಕರೆಯತೊಡಗಿದರು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ವ್ಯಾಕ್ಸ್‌ಗೆ ಒಂದು ಮಿಪ್ಸ್ ಎಂಬ ಖ್ಯಾತಿ ಬಂದದ್ದು ಒಂದು ಮಿಪ್ಸ್ ಎಂದು ಹೆಸರಾಗಿದ್ದ ಐಬಿಎಂನ ಹಳೆಯ ಯಂತ್ರವೊಂದಕ್ಕೆ ಅದು ಸರಿಸಾಟಿಯಾಗಿದ್ದ ಕಾರಣದಿಂದಲೇ ಹೊರತು, ಅದು ಸೆಕೆಂಡಿಗೆ ಹತ್ತು ಲಕ್ಷ ಆದೇಶಗಳನ್ನು ನಡೆಸುತ್ತಿದ್ದುದರಿಂದಲ್ಲ. 1984ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಅದು ನಡೆಸುತ್ತಿದ್ದ ಸ್ವಂತ ಆದೇಶಗಳು ಸುಮಾರು ಐದು ಲಕ್ಷ ಮಾತ್ರ.

1981ರಲ್ಲಿ ಬಂದ ಐಬಿಎಂ ಪಿಸಿ ಇದೇ ರೀತಿಯಲ್ಲಿ ಮನೆ ಮತ್ತು ಕಚೇರಿಗಳ ಗಣಕಗಳಿಗೆ ಆಧಾರವಾಯಿತು. ನಾರ್ಟನ್ ಯುಟಿಲಿಟೀಸ್ ಎಂಬ ಪ್ರೋಗ್ರಾಮುಗಳ ಕಟ್ಟಿನಲ್ಲಿದ್ದ ಎಸ್‌ಐ ಎಂಬ ಪುಟ್ಟ ಪ್ರೋಗ್ರಾಮು 4.77 ಮೆಗಾಹರ್ಟ್ಸ್ ವೇಗದ ಆ ಯಂತ್ರವನ್ನು 1.0 ಎಂದಿಟ್ಟುಕೊಂಡು ಬಳಕೆದಾರನ ಯಂತ್ರಕ್ಕೆ ಅಂಕ ಕೊಡುತ್ತಿತ್ತು. ಆದರೆ ಇಂಥ ಯಂತ್ರದಲ್ಲಿ ಹೊತ್ತನ್ನು ಅಳೆಯುವುದೇ ಕಷ್ಟದ ಕೆಲಸವಾಗಿತ್ತು, ಏಕೆಂದರೆ ಅದರೊಳಗಿನ ಗಡಿಯಾರ ಸೆಕೆಂಡಿಗೆ ಸುಮಾರು 18.2 ಸಲ ಮಾತ್ರ ಮಿಡಿಯುತ್ತಿತ್ತು. ಎರಡು ಮಿಡಿತಗಳ ನಡುವಿನ 55 ಮಿಲಿಸೆಕೆಂಡಿನಲ್ಲಿ ಪ್ರೊಸೆಸರು 2,62,144 ಆವರ್ತಗಳನ್ನು ಮುಗಿಸಿರುತ್ತಿತ್ತಾದ್ದರಿಂದ, ಒಂದೇ ಮಿಡಿತದ ವ್ಯತ್ಯಾಸ ಚಿಕ್ಕ ಪರೀಕ್ಷೆಯೊಂದರ ಫಲಿತಾಂಶವನ್ನೇ ಕೆಡಿಸುವಷ್ಟು ದೊಡ್ಡದು. ಒಂದೇ ಲೆಕ್ಕವನ್ನು ಹತ್ತು ಸೆಕೆಂಡಿನವರೆಗೆ ಮತ್ತೆ ಮತ್ತೆ ಮಾಡಿಸಿದರೆ ಆ ದೋಷ ಶೇಕಡಾ ಅರ್ಧದ ಆಸುಪಾಸಿಗೆ ಇಳಿಯುತ್ತದೆ.

ಅಳತೆಯಿಂದ ಬಳಕೆದಾರನಿಗೆ ನೇರವಾದ ಲಾಭ ದೊರೆತದ್ದು ಹಾರ್ಡ್ ಡಿಸ್ಕಿನ ವಿಷಯದಲ್ಲಿ. 1983ರ ಪಿಸಿ ಎಕ್ಸ್‌ಟಿಯಲ್ಲಿದ್ದ 10 ಮೆಗಾಬೈಟಿನ ಡಿಸ್ಕು ನಿಮಿಷಕ್ಕೆ 3,600 ಸಲ ತಿರುಗುತ್ತಿತ್ತು. ಅದರ ಒಂದೊಂದು ವರ್ತುಲದಲ್ಲಿ 512 ಬೈಟುಗಳ 17 ಖಾನೆಗಳಿದ್ದವು. ಒಂದು ಖಾನೆಯನ್ನು ಓದಿ ಅದರ ಮಾಹಿತಿಯನ್ನು ಒಳಕ್ಕೆ ಸಾಗಿಸುವಷ್ಟರಲ್ಲಿ ಪಕ್ಕದ ಖಾನೆ ಓದುವ ತಲೆಯ ಕೆಳಗಿನಿಂದ ದಾಟಿಹೋಗಿರುತ್ತಿತ್ತಾದ್ದರಿಂದ, ಕ್ರಮಸಂಖ್ಯೆಯಲ್ಲಿ ಮುಂದಿನದಾದ ಖಾನೆಯನ್ನು ಆರನೆಯ ಸ್ಥಾನದಲ್ಲಿ ಇಡುತ್ತಿದ್ದರು. ಈ ಜೋಡಣೆಗೆ ಇಂಟರ್‌ಲೀವ್ ಎಂದು ಹೆಸರು. ಹೀಗಾಗಿ ಒಂದು ವರ್ತುಲವನ್ನು ಓದಲು ಆರು ಸುತ್ತು ಬೇಕಾಗಿ, ಸೆಕೆಂಡಿಗೆ 5,22,240 ಬೈಟು ಕೊಡಬಲ್ಲ ಡಿಸ್ಕು 87,040 ಬೈಟುಗಳನ್ನಷ್ಟೇ ಕೊಡುತ್ತಿತ್ತು. ಅಂತರವನ್ನು ಅತಿಯಾಗಿ ತಗ್ಗಿಸಿದರೆ ಪ್ರತಿ ಖಾನೆಗೂ ಪೂರ್ತಿ ಒಂದು ಸುತ್ತು ಕಾಯಬೇಕಾಗಿ ವೇಗ ಇನ್ನೂ ಕುಸಿಯುತ್ತಿತ್ತು. ಸ್ಟೀವ್ ಗಿಬ್ಸನ್ ಅವರು 1988ರಲ್ಲಿ ಹೊರತಂದ ಸ್ಪಿನ್‌ರೈಟ್ ಎಂಬ ಪ್ರೋಗ್ರಾಮು ಯಂತ್ರಕ್ಕೆ ಒಪ್ಪುವ ಅಂತರವನ್ನು ಅಳೆದು ಕಂಡುಹಿಡಿದು, ಇದ್ದ ಕಡತಗಳು ಅಳಿಯದಂತೆ ಡಿಸ್ಕನ್ನು ಮರುಜೋಡಿಸುತ್ತಿತ್ತು. ಹೊಸ ಭಾಗ ಕೊಳ್ಳದೆ, ಅಳತೆಯೊಂದರಿಂದಲೇ ಹಳೆಯ ಯಂತ್ರದ ಅಡಗಿದ್ದ ವೇಗವನ್ನು ಹೊರತೆಗೆದ ಈ ಕೆಲಸ ಬೆಂಚ್‌ಮಾರ್ಕಿನ ಇತಿಹಾಸದಲ್ಲಿ ಅತ್ಯಂತ ಶ್ಲಾಘನೀಯವಾದದ್ದು.

ಪ್ರೊಸೆಸರುಗಳ ಲೋಕದಲ್ಲಿ ಇದಕ್ಕೆ ವಿರುದ್ಧವಾದದ್ದೂ ನಡೆಯಿತು. ಡ್ರೈಸ್ಟೋನಿನಂಥ ಚಿಕ್ಕ ಪ್ರೋಗ್ರಾಮುಗಳನ್ನು ಯಂತ್ರಭಾಷೆಗೆ ಪರಿವರ್ತಿಸುವ ಕಂಪೈಲರುಗಳು ಅವುಗಳಲ್ಲಿನ ಫಲವಿಲ್ಲದ ಲೆಕ್ಕಗಳನ್ನು ಗುರುತಿಸಿ ಕೈಬಿಟ್ಟು, ಯಂತ್ರ ಚುರುಕಾಗದೆಯೇ ಅಂಕವನ್ನು ಏರಿಸಬಲ್ಲವಾಗಿದ್ದವು. ಇದಕ್ಕೆ ಪರಿಹಾರವಾಗಿ 1988ರಲ್ಲಿ ಸ್ಥಾಪನೆಯಾದ ಸ್ಪೆಕ್ ಎಂಬ ಒಕ್ಕೂಟ ನೈಜ ಕೆಲಸಗಳಿಂದ ಆಯ್ದ ಹತ್ತು ಪ್ರೋಗ್ರಾಮುಗಳನ್ನು ಮರುವರ್ಷ ಮುಂದಿಟ್ಟು, ವ್ಯಾಕ್ಸ್ 11/780 ಜೊತೆಗಿನ ಹತ್ತು ಅನುಪಾತಗಳ ಗುಣಲಬ್ಧದ ಹತ್ತನೆಯ ಮೂಲವನ್ನು ಅಂತಿಮ ಅಂಕವಾಗಿ ನಿಗದಿಪಡಿಸಿತು. ಅಲ್ಲಿಯೂ ಮ್ಯಾಟ್ರಿಕ್ಸ್300 ಎಂಬ ಒಂದು ಪ್ರೋಗ್ರಾಮು ತನ್ನ ಕಾಲದ ಶೇಕಡಾ 99 ಭಾಗವನ್ನು ಒಂದೇ ಸಾಲಿನಲ್ಲಿ ಕಳೆಯುತ್ತಿದ್ದುದರಿಂದ, ಕಂಪೈಲರು ಬರೆಯುವವರು ಆ ಒಂದು ಸಾಲಿನ ಮೇಲೆ ಗಮನವಿಟ್ಟು ಅಂಕವನ್ನು ಹಲವು ಪಟ್ಟು ಏರಿಸಿದರು. 1992ರ ಆವೃತ್ತಿಯಿಂದ ಅದನ್ನು ಕೈಬಿಡಬೇಕಾಯಿತು.

ಸ್ಪೆಕ್ 1995ರ ಆವೃತ್ತಿಯಲ್ಲಿ ವ್ಯಾಕ್ಸನ್ನು ಬಿಟ್ಟು ಸನ್ ಕಂಪನಿಯ ಸ್ಪಾರ್ಕ್‌ಸ್ಟೇಷನ್ ಒಂದನ್ನು ಆಧಾರವಾಗಿ ತೆಗೆದುಕೊಂಡಿತು, ಮುಂದಿನ ಆವೃತ್ತಿಗಳಲ್ಲಿ ಅದನ್ನೂ ಬದಲಿಸಿತು. ಡ್ರೈಸ್ಟೋನ್ ಮಾತ್ರ ಉಪಕರಣಗಳೊಳಗಿನ ಚಿಕ್ಕ ಪ್ರೊಸೆಸರುಗಳ ವಿವರಪಟ್ಟಿಗಳಲ್ಲಿ ಡಿಮಿಪ್ಸ್ ಎಂಬ ಹೆಸರಿನಲ್ಲಿ ಉಳಿದುಕೊಂಡಿದ್ದು, ಆ ಅಂಕವನ್ನು ಪಡೆಯಲು ಭಾಗಿಸುವ ಸಂಖ್ಯೆ ಇಂದಿಗೂ 1,757 ಆಗಿಯೇ ಇದೆ.