ಗಾಲ್ಫ್ ಚೀಲವೂ ಅದನ್ನು ಹೊತ್ತ ಹೆಗಲೂ

ಗಾಲ್ಫ್ ಚೀಲ ಕೊಳ್ಳಲು ಹೋದವರಿಗೆ ಅಂಗಡಿಯವರು ಮುಖ್ಯವಾಗಿ ಮೂರು ಬಗೆಗಳನ್ನು ತೋರಿಸುತ್ತಾರೆ. ಮೊದಲನೆಯದು ಎರಡು ಕೆ.ಜಿ.ಗಿಂತ ತುಸು ಹೆಚ್ಚು ತೂಗುವ, ಮಡಚುವ ಎರಡು ಕಾಲುಗಳುಳ್ಳ ಸ್ಟ್ಯಾಂಡ್ ಬ್ಯಾಗ್. ಎರಡನೆಯದು ಗಾಡಿಯ ಮೇಲೆ ಕೂರಿಸಲೆಂದೇ ಮಾಡಿದ ಕಾರ್ಟ್ ಬ್ಯಾಗ್. ಮೂರನೆಯದು ವೃತ್ತಿಪರ ಆಟಗಾರರ ಪಂದ್ಯಗಳಲ್ಲಿ ಕಾಣುವ, ಬರಿದಾಗಿದ್ದಾಗಲೇ ನಾಲ್ಕೂವರೆ, ಐದು ಕೆ.ಜಿ. ತೂಗುವ ಟೂರ್ ಬ್ಯಾಗ್. ಬೆಲೆ, ಬಣ್ಣ, ಜೇಬುಗಳ ಸಂಖ್ಯೆ ಎಲ್ಲವನ್ನೂ ವಿಚಾರಿಸುವ ನಾವು ಒಂದು ಪ್ರಶ್ನೆಯನ್ನು ಸಾಮಾನ್ಯವಾಗಿ ಕೇಳುವುದಿಲ್ಲ: ಇದನ್ನು ಹೊರುವವರು ಯಾರು? ಚೀಲದ ಚರಿತ್ರೆಯನ್ನು ತೆರೆದು ನೋಡಿದರೆ ಅದರ ಆಕಾರ, ತೂಕಗಳನ್ನು ಬಹುಮಟ್ಟಿಗೆ ತೀರ್ಮಾನಿಸಿದ್ದು ಈ ಪ್ರಶ್ನೆಯೇ ಎಂದು ತಿಳಿಯುತ್ತದೆ.

ಆಟ ಹಳೆಯದು, ಚೀಲ ತೀರ ಈಚಿನದು. ಸ್ಕಾಟ್ಲೆಂಡಿನ ದೊರೆ ಎರಡನೆಯ ಜೇಮ್ಸ್ 1457ರಲ್ಲಿಯೇ ಗಾಲ್ಫನ್ನು ನಿಷೇಧಿಸಿದ್ದನು. ಯುವಕರು ಬಿಲ್ವಿದ್ಯೆಯನ್ನು ಮರೆಯುತ್ತಿದ್ದಾರೆಂಬುದು ಅವನ ಚಿಂತೆಯಾಗಿತ್ತು. ಅಲ್ಲಿಂದ ನಾಲ್ಕು ಶತಮಾನಗಳಿಗೂ ಹೆಚ್ಚು ಕಾಲ ಈ ಆಟ ಚೀಲವಿಲ್ಲದೆಯೇ ನಡೆಯಿತು. ಏಳೆಂಟು ಕೋಲುಗಳನ್ನು ಕ್ಯಾಡಿ ಎಂಬ ಸಹಾಯಕ ಕಟ್ಟಿಗೆಯ ಹೊರೆಯಂತೆ ಕಂಕುಳಲ್ಲಿ ಅವುಚಿಕೊಂಡು ಒಡೆಯನ ಹಿಂದೆ ನಡೆಯುತ್ತಿದ್ದನು. ಮಳೆಯಲ್ಲಿ ಕೋಲಿನ ಹಿಡಿ ನೆನೆಯದಿರಲೆಂದು 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಹಡಗಿನ ಹಾಯಿಯ ದಪ್ಪ ಬಟ್ಟೆಯಿಂದ ಚೀಲ ಹೊಲಿಯುವ ರೂಢಿ ಬಂದಿತು. ಅದೇ ಸುಮಾರಿಗೆ ಇಂಗ್ಲೆಂಡಿನಲ್ಲಿ ಆಸ್ಮಂಡ್ ಎಂಬವರು ಚೀಲವನ್ನು ನೆಲದ ಮೇಲೆ ನಿಲ್ಲಿಸುವ ಮರದ ಚೌಕಟ್ಟೊಂದನ್ನು ಮಾರಾಟಕ್ಕೆ ತಂದರು. ಅದಕ್ಕೆ ಇಟ್ಟ ಹೆಸರು ‘ಆಟೋಮ್ಯಾಟನ್ ಕ್ಯಾಡಿ’. ಹೊರುವ ಹುಡುಗನ ಸ್ಥಾನವನ್ನು ಒಂದು ವಸ್ತು ತುಂಬಬಲ್ಲದೆಂಬ ಆಸೆ ಆ ಹೆಸರಿನಲ್ಲಿಯೇ ಇದೆ.

ಭಾರತದಲ್ಲಿ ಅಂಥ ಆಸೆಗೆ ಕಾರಣವಿರಲಿಲ್ಲ. ಇಲ್ಲಿಗೆ ಗಾಲ್ಫ್ ಬಂದದ್ದು ಆಳುವವರ ಜೊತೆ. ಕಲ್ಕತ್ತದಲ್ಲಿ 1829ರಲ್ಲಿ ಸ್ಥಾಪನೆಯಾದ ಕ್ಲಬ್ಬು ಬ್ರಿಟನ್ನಿನ ಹೊರಗಿನ ಗಾಲ್ಫ್ ಕ್ಲಬ್ಬುಗಳಲ್ಲೆಲ್ಲ ಹಳೆಯದು. ನಮ್ಮ ಬೆಂಗಳೂರಿನ ಕ್ಲಬ್ಬು 1876ರದು. ನಾವೀಗ ನೆಲೆಸಿರುವ ನಾಗಪುರದ ಪಕ್ಕದ ಕಾಮಠಿಯಲ್ಲಿ 1821ರಲ್ಲಿಯೇ ದಂಡು ಬಂದು ಕೂತಿತ್ತು. ಭೋಂಸಲೆಯವರ ರಾಜ್ಯ ಕಂಪನಿಯ ವಶವಾಗಿ, 1861ರಲ್ಲಿ ನಾಗಪುರ ಮಧ್ಯಪ್ರಾಂತ್ಯದ ರಾಜಧಾನಿಯಾಯಿತು; ಸಿವಿಲ್ ಲೈನ್ಸಿನ ಬಂಗಲೆಗಳು ಎದ್ದವು. ಇಂಥ ದಂಡು, ಬಂಗಲೆಗಳ ಬದುಕಿನಲ್ಲಿ ಪ್ರತಿಯೊಂದು ಕೆಲಸಕ್ಕೂ ಒಬ್ಬೊಬ್ಬ ಆಳಿದ್ದನು. ಆಟದಲ್ಲಿಯೂ ಅಷ್ಟೆ. ಕೋಲು ಹೊರಲು ಒಬ್ಬನಾದರೆ, ಮುಂದೆ ಓಡಿ ಚೆಂಡು ಬಿದ್ದ ಜಾಗವನ್ನು ಗುರುತಿಸಲು ‘ಅಗಿವಾಲಾ’ ಎಂಬ ಇನ್ನೊಬ್ಬ. ಹೆಗಲು ಅಗ್ಗವಾಗಿದ್ದಲ್ಲಿ ಚೀಲವನ್ನು ಹಗುರ ಮಾಡುವ ಯೋಚನೆ ಯಾರಿಗೆ ತಾನೆ ಬಂದೀತು?

ಅಷ್ಟರಲ್ಲಿ ಚೀಲದ ಒಳಗೂ ಹೊರೆ ಬೆಳೆಯುತ್ತಿತ್ತು. ಬ್ರಿಟನ್ನಿನಲ್ಲಿ 1929ರಲ್ಲಿ ಉಕ್ಕಿನ ಕೋಲಿಗೆ ಒಪ್ಪಿಗೆ ಸಿಕ್ಕಿತು. ಮರದ ಕೋಲುಗಳನ್ನು ಕುಶಲಕರ್ಮಿಗಳು ಒಂದೊಂದಾಗಿ ಮಾಡುತ್ತಿದ್ದರು; ಉಕ್ಕಿನವನ್ನು ಕಾರ್ಖಾನೆಗಳು ಸಾಲುಸಾಲಾಗಿ ಹೊಂದಿಸಿ ಮಾರತೊಡಗಿದವು. ಅಮೆರಿಕದ ಲಾಸನ್ ಲಿಟಲ್ 1934 ಮತ್ತು 1935ರಲ್ಲಿ ಬ್ರಿಟಿಷ್ ಹಾಗೂ ಅಮೆರಿಕನ್ ಅಮೆಚೂರ್ ಪ್ರಶಸ್ತಿಗಳೆರಡನ್ನೂ ಗೆದ್ದಾಗ ಅವರ ಚೀಲದಲ್ಲಿ ಇಪ್ಪತ್ತಕ್ಕೂ ಹೆಚ್ಚು ಕೋಲುಗಳಿದ್ದವು. ಕಡೆಗೆ ಅಮೆರಿಕ 1938ರಲ್ಲಿ, ಬ್ರಿಟನ್ 1939ರಲ್ಲಿ ಹದಿನಾಲ್ಕೇ ಕೋಲು ಎಂಬ ಮಿತಿಯನ್ನು ಹಾಕಿದವು. ಆ ನಿಯಮವೇ ಇಂದಿಗೂ ಇದೆ.

ಚೀಲ ಹೊತ್ತವರು ಕೇವಲ ಹೊತ್ತು ಹೋಗಲಿಲ್ಲ ಎಂಬುದನ್ನೂ ಚರಿತ್ರೆ ದಾಖಲಿಸಿದೆ. ಅಮೆರಿಕದಲ್ಲಿ 1913ರ ಯು.ಎಸ್. ಓಪನ್ ಗೆದ್ದ ಫ್ರಾನ್ಸಿಸ್ ವಿಮೆಟ್ ಸ್ವತಃ ಕ್ಯಾಡಿಯಾಗಿ ಬೆಳೆದವರು. ಅಂದು ಅವರ ಚೀಲವನ್ನು ಹೊತ್ತವನು ಹತ್ತು ವರ್ಷದ ಎಡ್ಡಿ ಲವರಿ ಎಂಬ ಬಾಲಕ. ದೆಹಲಿಯ ಮೈದಾನದಲ್ಲಿ ಕ್ಯಾಡಿಯಾಗಿದ್ದ ಅಲಿ ಶೇರ್ 1991ರಲ್ಲಿ ಇಂಡಿಯನ್ ಓಪನ್ ಗೆದ್ದರು. ಆ ಪ್ರಶಸ್ತಿಯನ್ನು ಪಡೆದ ಮೊದಲ ಭಾರತೀಯ ವೃತ್ತಿಪರ ಆಟಗಾರ ಅವರೇ. ನಮ್ಮ ಬಿಡದಿಯ ಕಡೆಯ ಚಿಕ್ಕರಂಗಪ್ಪನವರೂ ಹಳ್ಳಿಯ ಪಕ್ಕದ ಗಾಲ್ಫ್ ಮೈದಾನದಲ್ಲಿ ಸಣ್ಣಪುಟ್ಟ ಕೆಲಸ ಮಾಡುತ್ತಲೇ ಆಟವನ್ನು ಕಲಿತು ವೃತ್ತಿಪರರಾದವರು. ಇಂಥ ಹೆಸರುಗಳನ್ನು ಹೆಮ್ಮೆಯಿಂದ ಹೇಳುವಾಗ, ಆಟ ಬಲ್ಲವರಾಗಿಯೂ ಹೆಗಲ ಪಟ್ಟಿಯಿಂದ ಬಿಡುಗಡೆ ಕಾಣದವರ ಸಾಲು ಇದಕ್ಕಿಂತ ಬಹಳ ಉದ್ದವಾದುದೆಂಬುದನ್ನು ನಾವು ಮರೆಯಬಾರದು.

ಕಾಲುಗಳುಳ್ಳ ಹಗುರ ಚೀಲ 1980ರ ದಶಕದಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದಿತು. ಭಾರವನ್ನು ಎರಡು ಹೆಗಲಿಗೂ ಹಂಚುವ ಜೋಡಿ ಪಟ್ಟಿ ಅದರ ಮುಂದಿನ ದಶಕದ್ದು. ಎರಡೂ ತನ್ನ ಚೀಲವನ್ನು ತಾನೇ ಹೊರುವ ಆಟಗಾರನಿಗೆ ಒಪ್ಪುವಂಥವು. ಹಳೆಯ ಮೈಸೂರಿನ ದಾರಿಗಳ ಬದಿಯಲ್ಲಿ ಹೊರೆಗಲ್ಲುಗಳನ್ನು ಕಂಡವರಿಗೆ ಇದರ ಮರ್ಮ ಬೇಗ ಅರ್ಥವಾದೀತು. ಎರಡು ಕಂಬದ ಕಲ್ಲುಗಳ ಮೇಲೆ ಎದೆಯೆತ್ತರಕ್ಕೆ ಅಡ್ಡಲಾಗಿ ಇರಿಸಿದ ಆ ಚಪ್ಪಡಿ, ದಾರಿಹೋಕ ಯಾರ ಕೈನೆರವೂ ಇಲ್ಲದೆ ಹೊರೆಯನ್ನು ಇಳಿಸಿ ಮತ್ತೆ ಹೊತ್ತುಕೊಳ್ಳಲೆಂದು ನಿಲ್ಲಿಸಿದ್ದು. ಸ್ಟ್ಯಾಂಡ್ ಬ್ಯಾಗಿನ ಎರಡು ಕಾಲುಗಳು ಪ್ರತಿ ಹೊಡೆತದ ಬಳಿಯೂ ಅದೇ ಕೆಲಸವನ್ನು ಮಾಡುತ್ತವೆ.

ಹಾಗಾದರೆ ನಾವು ಆರಿಸಬೇಕಾದ ಚೀಲ ಯಾವುದು? ಲೆಕ್ಕ ಸರಳವಾದುದು. ಹದಿನಾಲ್ಕು ಕೋಲುಗಳೇ ಸುಮಾರು ಐದೂವರೆ ಕೆ.ಜಿ.; ಎರಡು ಲೀಟರ್ ನೀರು, ಚೆಂಡುಗಳು, ಕೊಡೆ ಸೇರಿದರೆ ಇನ್ನೂ ಮೂರು. ಟೂರ್ ಬ್ಯಾಗಿನಲ್ಲಿ ಹಾಕಿದರೆ ಒಟ್ಟು ಹದಿಮೂರು ದಾಟುತ್ತದೆ. ಸ್ಟ್ಯಾಂಡ್ ಬ್ಯಾಗಿನಲ್ಲಿ ಹನ್ನೊಂದರ ಒಳಗೆ ನಿಲ್ಲುತ್ತದೆ. ಹದಿನಾಲ್ಕು ಎಂಬುದು ಗರಿಷ್ಠ ಮಿತಿಯಷ್ಟೆ. ಹೊಸಬರು ಏಳೆಂಟು ಕೋಲುಗಳಿಂದ ಆಡಿದರೆ ಹೊರೆ ಎಂಟು ಕೆ.ಜಿ.ಯ ಸುತ್ತಮುತ್ತ ಉಳಿಯುತ್ತದೆ. ಹದಿನೆಂಟು ಕುಳಿಗಳ ಆಟವೆಂದರೆ ಏಳೆಂಟು ಕಿ.ಮೀ. ನಡಿಗೆ. ಮೇ ತಿಂಗಳಲ್ಲಿ 45 ಡಿಗ್ರಿ ಮುಟ್ಟುವ ನಾಗಪುರದಲ್ಲಿ, ಬೆಳಗಿನ ಒಂಬತ್ತಕ್ಕೇ ಕಾಯತೊಡಗುವ ನೆಲದ ಮೇಲೆ, ಈ ಐದು ಕೆ.ಜಿ.ಯ ಅಂತರ ಸಣ್ಣದಲ್ಲ. ಗಾಡಿಯಿದ್ದಲ್ಲಿ ಕಾರ್ಟ್ ಬ್ಯಾಗ್ ಸಾಕು. ಹೆಗಲ ಮೇಲೆ ಹೋಗುವುದಾದರೆ, ಹೊರುವ ಹೆಗಲು ನಮ್ಮದಾಗಲಿ, ಕೂಲಿಗೆ ಬಂದವರದಾಗಲಿ, ಹಗುರವಾದದ್ದನ್ನೇ ಕೊಳ್ಳಬೇಕು. ತುಂಬಿದ ಚೀಲವನ್ನು ಅಂಗಡಿಯಲ್ಲಿಯೇ ಹೆಗಲಿಗೇರಿಸಿ ಹತ್ತು ನಿಮಿಷ ಅಡ್ಡಾಡಿ, ಆಮೇಲೆ ಬೆಲೆ ಕೇಳುವುದು ಒಳ್ಳೆಯದು.